1949ರಲ್ಲಿ ವಿಶ್ವ ಚಾಂಪಿಯನ್, 1950ರಲ್ಲಿ ನಾಪತ್ತೆ: ಚೆಕೊಸ್ಲೊವಾಕಿಯಾ ಐಸ್ ಹಾಕಿ ತಂಡಕ್ಕೆ ಆದದ್ದೇನು?

ಕೊಡಿಯಾಲಬೈಲು_ಕ್ವಿಜ್:

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಒಂದು ಕಾಲೇಜಿನಲ್ಲಿ ಕ್ರೀಡಾ ರಸಪ್ರಶ್ನೆ ನಡೆಸುವ ಹೊಣೆ ಈ ಸಲ ನನ್ನ ಹೆಗಲಿಗೆ ಬಿದ್ದಿದೆ. ಕ್ರಿಕೆಟ್ ಬಿಟ್ಟು ಬೇರೇನಾದರೂ ಕೇಳೋಣ ಎಂದು "ಈಗ ಇಲ್ಲದ ದೇಶಗಳು" ಎಂಬ ಸುತ್ತೊಂದನ್ನು ಇಟ್ಟುಕೊಂಡಿದ್ದೇನೆ. ಸೋವಿಯತ್ ಒಕ್ಕೂಟ, ಪೂರ್ವ ಜರ್ಮನಿ, ಯುಗೊಸ್ಲಾವಿಯಾ ಮುಗಿಸಿ ಚೆಕೊಸ್ಲೊವಾಕಿಯಾಕ್ಕೆ ಬಂದಾಗ ಐಸ್ ಹಾಕಿಯ ಪಟ್ಟಿಯೊಂದು ಸಿಕ್ಕಿತು. 1947ರಲ್ಲಿ ವಿಶ್ವ ಚಾಂಪಿಯನ್. 1948ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ. 1949ರಲ್ಲಿ ಮತ್ತೆ ವಿಶ್ವ ಚಾಂಪಿಯನ್. 1950 ಮತ್ತು 1951ರಲ್ಲಿ ಹೆಸರೇ ಇಲ್ಲ! ಅಷ್ಟು ಒಳ್ಳೆಯ ತಂಡ ಪ್ರಶಸ್ತಿ ಉಳಿಸಿಕೊಳ್ಳಲು ಏಕೆ ಹೋಗಲಿಲ್ಲ? ಯುದ್ಧ ಮುಗಿದು ಆಗಲೇ ಐದು ವರ್ಷ ಆಗಿತ್ತಲ್ಲ?

ಇನ್ನೊಂದು ಅನುಮಾನ: ಒಟ್ಟು ಆರು ವಿಶ್ವ ಪ್ರಶಸ್ತಿಗಳು ಆ ದೇಶದ ಹೆಸರಿನಲ್ಲಿವೆ. ಈಗ ಅವು ಯಾರ ಲೆಕ್ಕಕ್ಕೆ ಸೇರುತ್ತವೆ, ಚೆಕ್ ಗಣರಾಜ್ಯಕ್ಕೋ ಸ್ಲೊವಾಕಿಯಾಕ್ಕೋ? ವೇದಿಕೆಯ ಮೇಲೆ ಯಾರಾದರೂ ಹುಡುಗರು ತಕರಾರು ತೆಗೆದರೆ ಉತ್ತರ ಕೊಡಲು ಬರಬೇಕು. ನಾನು ಐಸ್ ಕಂಡದ್ದು ಬಂದರಿನ ಮೀನಿನ ಪೆಟ್ಟಿಗೆಯಲ್ಲಿ ಮಾತ್ರ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಮಣಿಪಾಲ_ಹಾಸ್ಟೆಲ್_14:

ಸರ್, ಬ್ರಿಟನ್ ವೀಸಾ ಕೊಡಲಿಲ್ಲ, ಅದಕ್ಕೆ ಅವರು ಬಹಿಷ್ಕಾರ ಹಾಕಿದರು ಎಂದು ಓದಿದ ನೆನಪು. 1950ರ ಟೂರ್ನಿ ಲಂಡನ್‌ನಲ್ಲಿ ಇತ್ತು. ಉಳಿದದ್ದರಲ್ಲಿ ದೊಡ್ಡ ವಿಶೇಷ ಇರಲಾರದು. ಚಳಿ ದೇಶ, ಕೆರೆ ಹೆಪ್ಪುಗಟ್ಟುತ್ತದೆ, ಮಕ್ಕಳು ಆಡುತ್ತಾ ಬೆಳೆಯುತ್ತಾರೆ, ಗೆಲ್ಲುತ್ತಾರೆ.

ಮಲ್ಪೆ_ಐಸ್‌ಪ್ಲಾಂಟ್:

ವೀಸಾ ಕೊಡಲಿಲ್ಲ ಎನ್ನುವುದು ಆಗಿನ ಪ್ರಾಗ್ ಸರ್ಕಾರ ಹೊರಡಿಸಿದ ಹೇಳಿಕೆ. ಅದನ್ನೇ ನಂಬಿ ಕುಳಿತರೆ ಆ ಆಟಗಾರರನ್ನು ಜೈಲಿಗೆ ತಳ್ಳಿದವರ ಮಾತಿಗೆ ನಾವೂ ಸಾಕ್ಷಿ ಹಾಕಿದ ಹಾಗಾಗುತ್ತದೆ ಮಾರಾಯರೇ. ಸ್ವಲ್ಪ ಉದ್ದವಾಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ಮೊದಲು ಈ "ಚಳಿ ದೇಶ" ಎಂಬ ಮಾತನ್ನು ಇತ್ಯರ್ಥ ಮಾಡೋಣ. ನಾನು ಮಲ್ಪೆಯ ಐಸ್ ಪ್ಲಾಂಟುಗಳಲ್ಲಿ ಅಮೋನಿಯಾ ಕಂಪ್ರೆಸರ್ ರಿಪೇರಿ ಮಾಡಿಕೊಂಡೇ ತಲೆ ಬೆಳ್ಳಗಾದವನು. ಈ ಆಟದ ಹುಚ್ಚು ಹಿಡಿದದ್ದೂ ಅದೇ ದಾರಿಯಲ್ಲಿ. ನಮ್ಮಲ್ಲಿ ತಗಡಿನ ಕ್ಯಾನಿಗೆ ಸಿಹಿನೀರು ತುಂಬಿ ಉಪ್ಪುನೀರಿನ ತೊಟ್ಟಿಗೆ ಇಳಿಸುತ್ತೇವೆ. ಅಮೋನಿಯಾ ಉಪ್ಪುನೀರಿನ ಶಾಖವನ್ನು ಹೀರುತ್ತದೆ, ಉಪ್ಪುನೀರು ಕ್ಯಾನಿನ ಶಾಖವನ್ನು ಹೀರುತ್ತದೆ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋದರೂ ಉಪ್ಪುನೀರು ಮಾತ್ರ ನೀರಾಗಿಯೇ ಇರುತ್ತದೆ, ಎಲ್ಲ ಉಪಾಯ ಇರುವುದು ಅಲ್ಲಿಯೇ. ಐಸ್ ಹಾಕಿ ಅಂಕಣದ ವಿದ್ಯೆಯೂ ಇದೇ. ಕಾಂಕ್ರೀಟ್ ನೆಲದೊಳಗೆ ಕೊಳವೆಗಳನ್ನು ಮಲಗಿಸಿ, ಅದರಲ್ಲಿ ತಣ್ಣನೆಯ ಉಪ್ಪುನೀರು ಓಡಿಸಿ, ಮೇಲೆ ನೀರನ್ನು ತೆಳುವಾಗಿ ಹಾಯಿಸುತ್ತಾ ಪದರದ ಮೇಲೆ ಪದರ ಕಟ್ಟುತ್ತಾರೆ. ಕೊನೆಗೆ ದಪ್ಪ ಮೂರ್ನಾಲ್ಕು ಸೆಂಟಿಮೀಟರ್, ಅಷ್ಟೇ. ನಮ್ಮ ಗಡ್ಡೆಯ ನಡುವೆ ಗಾಳಿ ಸೇರಿ ಬಿಳಿಯಾದರೆ ಯಾರೂ ಕೇಳುವುದಿಲ್ಲ. ಕ್ರಷರಿಗೆ ಹೋಗಿ ಪುಡಿಯಾಗಿ ಬೋಟಿನ ಹೊಟ್ಟೆ ಸೇರಿತು, ಮುಗಿಯಿತು. ಅಂಕಣದಲ್ಲಿ ಹಾಗೆ ಬಿಟ್ಟರೆ ಸ್ಕೇಟಿನ ಅಲಗು ತಾಗಿದಲ್ಲೆಲ್ಲ ಐಸ್ ಚಕ್ಕೆ ಏಳುತ್ತದೆ.

ಕೆರೆಯ ಐಸ್ ನಂಬಿ ಆಡುವವರು ಹವಾಮಾನದ ಋಣದಲ್ಲಿ ಇರಬೇಕು. 1925ರ ಯುರೋಪಿಯನ್ ಚಾಂಪಿಯನ್‌ಷಿಪ್ ನಡೆದದ್ದು ಟಾಟ್ರಾ ಪರ್ವತದ ಮೇಲೆ, ಸ್ವಾಭಾವಿಕ ಐಸಿನಲ್ಲಿ. ಚೆಕೊಸ್ಲೊವಾಕಿಯಾ ಗೆದ್ದಿತು ಎನ್ನಿ. ಆದರೆ ಪ್ರಾಗ್‌ನ ವ್ಲ್ತಾವಾ ನದಿಯ ಷ್ಟ್ವಾನಿತ್ಸೆ ಎಂಬ ದ್ವೀಪದಲ್ಲಿ 1930ರ ದಶಕದ ಆರಂಭಕ್ಕೆ ಕೃತಕ ಐಸಿನ ಕ್ರೀಡಾಂಗಣ ಎದ್ದ ಮೇಲೆಯೇ ಆ ಆಟ ಊರಿನ ಆಟವಾದದ್ದು. 1933, 1938 ಮತ್ತು 1947ರ ವಿಶ್ವ ಚಾಂಪಿಯನ್‌ಷಿಪ್‌ಗಳು ನಡೆದದ್ದು ಅಲ್ಲೇ. ಚಳಿ ಎಲ್ಲ ಕಡೆಯೂ ಇತ್ತು, ಕಂಪ್ರೆಸರ್ ಎಲ್ಲ ಕಡೆಯೂ ಇರಲಿಲ್ಲ.

ಆರಂಭದಲ್ಲಿ ಅವರು ಎಷ್ಟು ಎಳಸಾಗಿದ್ದರು ಎಂಬುದಕ್ಕೆ 1920ರ ಆಂಟ್‌ವರ್ಪ್ ಒಲಿಂಪಿಕ್ಸ್ ನೋಡಿ. ಕೆನಡಾದ ಎದುರು 15-0 ಸೋಲು, ಅಮೆರಿಕದ ಎದುರು 16-0 ಸೋಲು, ಸ್ವೀಡನ್ ಎದುರು 1-0 ಗೆಲುವು, ಕೈಯಲ್ಲಿ ಕಂಚಿನ ಪದಕ! ಇಡೀ ಟೂರ್ನಿಯಲ್ಲಿ ಹೊಡೆದದ್ದು ಒಂದೇ ಗೋಲು, ಅದು ಯೋಸೆಫ್ ಷ್ರೌಬೆಕ್ ಅವರದ್ದು. ಒಂದು ಗೋಲಿಗೆ ಒಂದು ಒಲಿಂಪಿಕ್ ಪದಕ ಎಂಬ ದರ ಯಾವ ಆಟದಲ್ಲಿ ಉಂಟು ಹೇಳಿ. ಮೂವತ್ತರ ದಶಕದಲ್ಲಿ ಕೆನಡಾದ ಟ್ರೇಲ್ ಎಂಬ ಊರಿನಿಂದ ಮೈಕ್ ಬಕ್ನಾ ಎಂಬ ತರುಣ ಬಂದು ಕೋಚ್ ಆದ ಮೇಲೆ ಆಟದ ವರಸೆಯೇ ಬದಲಾಯಿತು. ಒಬ್ಬನೇ ಪಕ್ (ಈ ಆಟದಲ್ಲಿ ಚೆಂಡಿನ ಬದಲು ಇರುವ ರಬ್ಬರ್ ಬಿಲ್ಲೆ) ಹಿಡಿದು ಓಡುವುದನ್ನು ಬಿಟ್ಟು ಐವರೂ ಸೇರಿ ಆಡುವುದನ್ನು ಅವರು ಕಲಿಸಿದರು. ಯುದ್ಧ ಮುಗಿದ ಮೇಲೆ ಮತ್ತೆ ಅವರೇ ಕೋಚ್, 1947ರಲ್ಲಿ ಮೊದಲ ಪ್ರಶಸ್ತಿ. ಅದರಲ್ಲಿ ಸ್ವಲ್ಪ ಅದೃಷ್ಟವೂ ಸೇರಿತ್ತು. ಸ್ವೀಡನ್ ಚೆಕೊಸ್ಲೊವಾಕಿಯಾವನ್ನು ಸೋಲಿಸಿ, ಮುಂದಿನ ಪಂದ್ಯದಲ್ಲಿ ಆಸ್ಟ್ರಿಯಾದ ಎದುರು 2-1ರಿಂದ ಎಡವಿತು.

ಆಗಿನ ತಂಡದ ಬೆನ್ನೆಲುಬು ಎಲ್‌ಟಿಸಿ ಪ್ರಾಗ್ ಎಂಬ ಕ್ಲಬ್. ಹುಟ್ಟಿನಿಂದ ಅದು ಟೆನಿಸ್ ಕ್ಲಬ್. ಬೇಸಿಗೆಯಲ್ಲಿ ಟೆನಿಸ್, ಚಳಿಗಾಲದಲ್ಲಿ ಹಾಕಿ. ಯಾರೊಸ್ಲಾವ್ ದ್ರೊಬ್ನಿ ಎಂಬವರು ಎರಡರಲ್ಲೂ ಪಳಗಿದವರು. 1947ರ ವಿಶ್ವ ಚಾಂಪಿಯನ್, 1948ರ ಸೇಂಟ್ ಮೊರಿಟ್ಜ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ. ಆ ಬೆಳ್ಳಿಯೂ ಕೈಗೆಟುಕದ ಚಿನ್ನವೇ. ಕೆನಡಾದೊಂದಿಗೆ 0-0 ಸಮ, ಅಂಕವೂ ಸಮ, ಗೋಲುಗಳ ಲೆಕ್ಕದಲ್ಲಿ ಮಾತ್ರ ಕೆನಡಾ ಮುಂದೆ. ಕೆನಡಾಕ್ಕೆ ಒಂದು ಗೋಲನ್ನೂ ಬಿಡದೆ ಬಲೆ ಕಾದವರು ಬೊಹುಮಿಲ್ ಮೊದ್ರಿ. ಈ ಹೆಸರನ್ನು ನೆನಪಿಡಿ.

1948ರ ಫೆಬ್ರವರಿಯಲ್ಲಿ ಪ್ರಾಗ್‌ನಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದರು. ಅದೇ ಹೊತ್ತಿನಲ್ಲಿ ಎಲ್‌ಟಿಸಿ ತಂಡವನ್ನು ಮಾಸ್ಕೋಗೆ ಕಳುಹಿಸಿದರು. ಸೋವಿಯತ್ತರು ಆಗಷ್ಟೇ ಈ ಆಟ ಕಲಿಯುತ್ತಿದ್ದರು. ಡೈನಮೋ ಕ್ರೀಡಾಂಗಣದಲ್ಲಿ ಮೂರು ಪಂದ್ಯ ಆಡಿ, ಅಭ್ಯಾಸ ಹೇಗೆ ಮಾಡಬೇಕು, ಗೋಲ್‌ಕೀಪರ್ ಹೇಗೆ ನಿಲ್ಲಬೇಕು ಎಂದು ತೋರಿಸಿಕೊಟ್ಟು ಬಂದವರು ಈ ಆಟಗಾರರು. ಆರು ವರ್ಷಗಳ ನಂತರ, 1954ರಲ್ಲಿ, ಸೋವಿಯತ್ ಒಕ್ಕೂಟ ಮೊದಲ ಬಾರಿ ವಿಶ್ವ ಚಾಂಪಿಯನ್‌ಷಿಪ್‌ಗೆ ಕಾಲಿಟ್ಟು ಕೆನಡಾವನ್ನು 7-2ರಿಂದ ಬಡಿದು ಪ್ರಶಸ್ತಿ ಎತ್ತಿಕೊಂಡಿತು. ಆ ಹೊತ್ತಿಗೆ ಪಾಠ ಹೇಳಿದ ಮೇಷ್ಟ್ರುಗಳಲ್ಲಿ ಕೆಲವರು ಸೆರೆಮನೆಯಲ್ಲಿ ಇದ್ದರು.

ಅದು ಹೇಗೆ ಎಂದು ಹೇಳುತ್ತೇನೆ. 1948ರ ನವೆಂಬರ್‌ನಲ್ಲಿ ಪ್ಯಾರಿಸ್‌ನಿಂದ ಲಂಡನ್‌ಗೆ ಹೊರಟ ಸಣ್ಣ ವಿಮಾನವೊಂದು ಇಂಗ್ಲಿಷ್ ಕಾಲುವೆಯ ಮೇಲೆ ಕಾಣೆಯಾಯಿತು. ಅದರಲ್ಲಿದ್ದ ಆರು ರಾಷ್ಟ್ರೀಯ ಆಟಗಾರರೂ ಹೋದರು. ಸ್ಲೊವಾಕಿಯಾದ ಕೊಶಿತ್ಸೆಯಿಂದ ಬಂದ ಲಾದಿಸ್ಲಾವ್ ತ್ರೊಯಾಕ್ ಅವರಲ್ಲೊಬ್ಬರು. ಅರ್ಧ ತಂಡ ಕಳೆದುಕೊಂಡವರು ಮರುವರ್ಷ ಸ್ಟಾಕ್‌ಹೋಮ್‌ಗೆ ಹೋಗಿ ಕೆನಡಾವನ್ನು 3-2ರಿಂದ ಸೋಲಿಸಿ ಮತ್ತೆ ಚಾಂಪಿಯನ್ ಆದರು. ನನ್ನನ್ನು ಕೇಳಿದರೆ ಆ ದೇಶ ಕಂಡ ಅತ್ಯುತ್ತಮ ತಂಡ ಇದು, 1976ರದ್ದಲ್ಲ. ಇಲ್ಲಿ ಯಾರಾದರೂ ಜಗಳಕ್ಕೆ ಬರುತ್ತಾರೆ ಎಂದು ಗೊತ್ತು, ಬರಲಿ.

ಅದೇ 1949ರ ಬೇಸಿಗೆಯಲ್ಲಿ ದ್ರೊಬ್ನಿ ಟೆನಿಸ್ ಆಡಲು ಸ್ವಿಟ್ಜರ್‌ಲೆಂಡ್‌ಗೆ ಹೋದವರು ಊರಿಗೆ ಮರಳಲಿಲ್ಲ. ಈಜಿಪ್ಟ್ ಅವರಿಗೆ ಪಾಸ್‌ಪೋರ್ಟ್ ಕೊಟ್ಟಿತು. 1954ರಲ್ಲಿ ವಿಂಬಲ್ಡನ್ ಗೆದ್ದದ್ದು ಈಜಿಪ್ಟಿನ ಹೆಸರಿನಲ್ಲಿ. (ಅದೇ ವರ್ಷ ವಿಂಬಲ್ಡನ್ ಬಾಲಕರ ಪ್ರಶಸ್ತಿ ಗೆದ್ದವರು ನಮ್ಮ ರಾಮನಾಥನ್ ಕೃಷ್ಣನ್. ಕ್ವಿಜ್‌ನವರಿಗೆ ಇದು ಉಚಿತ.) ಒಬ್ಬ ಆಟಗಾರ ಕೈತಪ್ಪಿದ ಮೇಲೆ ಸರ್ಕಾರಕ್ಕೆ ಎಲ್ಲ ಆಟಗಾರರ ಮೇಲೂ ಸಂಶಯ. ಹೊರದೇಶಕ್ಕೆ ಹೋದರೆ ಇಡೀ ತಂಡವೇ ಅಲ್ಲೇ ಉಳಿದುಬಿಟ್ಟರೆ ಎಂಬ ಭಯ.

1950ರ ಮಾರ್ಚ್‌ನಲ್ಲಿ ತಂಡ ಲಂಡನ್‌ಗೆ ಹೊರಟು ಪ್ರಾಗ್ ವಿಮಾನ ನಿಲ್ದಾಣದಲ್ಲಿ ಕುಳಿತಿತ್ತು. ಹೊರಡುವುದು ಇವತ್ತಿಲ್ಲ ಎಂದರು. ಜೊತೆಗೆ ಬರಬೇಕಿದ್ದ ರೇಡಿಯೋ ವರದಿಗಾರರಿಗೆ ಬ್ರಿಟನ್ ವೀಸಾ ಕೊಟ್ಟಿಲ್ಲ ಎಂಬ ಕಾರಣ. ಮಣಿಪಾಲದ ತಮ್ಮ ಓದಿದ "ವೀಸಾ" ಇದೇ. ಆಟಗಾರರ ವೀಸಾದ ಮಾತೇ ಅದಲ್ಲ, ನೋಡಿ. ಎರಡು ದಿನ ಕಳೆದ ಮೇಲೆ, ಪ್ರತಿಭಟನೆಯಾಗಿ ತಂಡ ಹೋಗುವುದೇ ಇಲ್ಲ ಎಂಬ ಪ್ರಕಟಣೆ ಬಂತು. ಕಟ್ಟಿದ ಗಂಟುಮೂಟೆ ಬಿಚ್ಚಬೇಕಾದ ಹುಡುಗರು ಹೊಟ್ಟೆಯ ಸಿಟ್ಟಿನಲ್ಲಿ ನ್ಯಾಷನಲ್ ಥಿಯೇಟರ್ ಬಳಿಯ "ಉ ಹೆರ್ತ್ಸ್‌ಲಿಕು" ಎಂಬ ಪಬ್ಬಿನಲ್ಲಿ ಸೇರಿ ಕುಡಿದರು, ಹಾಡಿದರು, ಸರ್ಕಾರಕ್ಕೆ ಬಾಯಿಗೆ ಬಂದಂತೆ ಬೈದರು. ರಹಸ್ಯ ಪೊಲೀಸರು ಅಲ್ಲೇ ಇದ್ದರು. ಪಬ್ಬಿನಿಂದಲೇ ಎಳೆದುಕೊಂಡು ಹೋದರು.

ಅಕ್ಟೋಬರ್‌ನಲ್ಲಿ ಗುಪ್ತ ವಿಚಾರಣೆ, ದೇಶದ್ರೋಹ ಮತ್ತು ಬೇಹುಗಾರಿಕೆಯ ಆರೋಪ. ಗುಸ್ತಾವ್ ಬುಬ್ನಿಕ್‌ಗೆ 14 ವರ್ಷ, ಸ್ತಾನಿಸ್ಲಾವ್ ಕೊನೊಪಾಸೆಕ್‌ಗೆ 12 ವರ್ಷ. ಎಲ್ಲರಿಗಿಂತ ಹೆಚ್ಚು, 15 ವರ್ಷ, ಬೊಹುಮಿಲ್ ಮೊದ್ರಿಗೆ. ಆ ಸಂಜೆ ಅವರು ಪಬ್ಬಿನಲ್ಲಿ ಇರಲೇ ಇಲ್ಲ! ಯಾಖಿಮೊವ್ ಯುರೇನಿಯಂ ಗಣಿಗಳಲ್ಲಿ ಕೈದಿಗಳನ್ನು ದುಡಿಸಿದರು. 1955ರಲ್ಲಿ ಕ್ಷಮಾದಾನ ಕೊಟ್ಟು ಬಿಟ್ಟರೂ ಮೊದ್ರಿಯ ಆರೋಗ್ಯ ಕುಸಿದುಹೋಗಿತ್ತು. 1963ರಲ್ಲಿ ತೀರಿಕೊಂಡಾಗ ವಯಸ್ಸು 46. ಅವರು ನಿರಪರಾಧಿಗಳು ಎಂದು ಒಪ್ಪಿಕೊಳ್ಳಲು ಸರ್ಕಾರಕ್ಕೆ 1968 ಬರಬೇಕಾಯಿತು.

ಬುಬ್ನಿಕ್ ಕಥೆಗೆ ಒಂದು ಬಾಲ ಉಂಟು. ಜೈಲಿನಿಂದ ಹೊರಬಂದು ಕೋಚ್ ಆದರು, ಅರವತ್ತರ ದಶಕದ ಕೊನೆಯಲ್ಲಿ ಫಿನ್‌ಲೆಂಡ್ ತಂಡವನ್ನು ತರಬೇತು ಮಾಡಿದರು. 1967ರಲ್ಲಿ ವಿಯೆನ್ನಾದಲ್ಲಿ ಅವರ ಫಿನ್‌ಲೆಂಡ್ ಸೋಲಿಸಿದ್ದು ಯಾರನ್ನು? ಚೆಕೊಸ್ಲೊವಾಕಿಯಾವನ್ನು. ಅವರ ಮನಸ್ಸಿನಲ್ಲಿ ಏನಿತ್ತೋ, ನಾನಾಗಿದ್ದರೆ ಊರಿಡೀ ಲಡ್ಡು ಹಂಚುತ್ತಿದ್ದೆ.

ಪ್ರಶ್ನೆ ಕೇಳಿದವರೇ, ನಿಮ್ಮ ಪಟ್ಟಿಯಲ್ಲಿ ಇನ್ನೊಂದು ಖಾಲಿ ಜಾಗ ಸಿಗುತ್ತದೆ, 1953. ಆ ಸಲ ಸ್ವಿಟ್ಜರ್‌ಲೆಂಡ್‌ಗೆ ಹೋಗಿದ್ದರು, ಆಡುತ್ತಲೂ ಇದ್ದರು. ಮಧ್ಯದಲ್ಲಿ ಅಧ್ಯಕ್ಷ ಗೊತ್‌ವಾಲ್ಡ್ ಸತ್ತರು ಎಂದು ತಂಡವನ್ನು ವಾಪಸು ಕರೆಸಿಕೊಂಡರು. ಗೆದ್ದ ವರ್ಷಗಳನ್ನು ಯಾರು ಬೇಕಾದರೂ ಉರು ಹೊಡೆಯಬಹುದು. ಈ ತಂಡದ ಕಥೆ ಇರುವುದು ಆಡದೆ ಹೋದ ವರ್ಷಗಳಲ್ಲಿ.

ಕುಂಜಿಬೆಟ್ಟು_ರೇಡಿಯೋ:

ಐಸ್ ಪ್ಲಾಂಟಿನವರು ಕರೆದಿದ್ದಾರೆ, ಜಗಳಕ್ಕೆ ಬಂದೆ. ನಾನು ನಿವೃತ್ತ ಮೇಷ್ಟ್ರು. ಎಂಬತ್ತರ ದಶಕದಲ್ಲಿ ಶಾರ್ಟ್‌ವೇವ್‌ನಲ್ಲಿ ರೇಡಿಯೋ ಪ್ರಾಗ್ ಇಂಗ್ಲಿಷ್ ಪ್ರಸಾರ ಹುಡುಕಿ ಕೇಳುತ್ತಿದ್ದ ಹಳೆಯ ಹುಚ್ಚ. 1985ರಲ್ಲಿ ಪ್ರಾಗ್‌ನಲ್ಲಿ ಕೆನಡಾವನ್ನು 5-3ರಿಂದ ಸೋಲಿಸಿ ಆರನೆಯ, ಕೊನೆಯ ಪ್ರಶಸ್ತಿ ಗೆದ್ದ ಸುದ್ದಿ ಕೇಳಿದ್ದು ಹಾಗೆ. ಮೇ ತಿಂಗಳ ಗುಡುಗು ಮಿಂಚಿನ ಕರಕರದ ನಡುವೆ ಯಿರ್ಝಿ ಶೇಬಾ ಮೂರು ಗೋಲು ಹೊಡೆದರು ಎಂಬುದಷ್ಟೇ ಕಿವಿಗೆ ಬಿದ್ದಿತ್ತು.

1949ರ ತಂಡದ ಬಗ್ಗೆ ನನಗೆ ಗೌರವವಿದೆ. ಆದರೆ ಆಟದ ಲೆಕ್ಕದಲ್ಲಿ ಎಪ್ಪತ್ತರ ದಶಕದ ತಂಡಕ್ಕೆ ಅದು ಸಾಟಿಯಲ್ಲ, ಏಕೆಂದರೆ 1949ರಲ್ಲಿ ಎದುರಿಗೆ ಸೋವಿಯತ್ ತಂಡವೇ ಇರಲಿಲ್ಲ. 1963ರಿಂದ 1971ರವರೆಗೆ ಸತತ ಒಂಬತ್ತು ವರ್ಷ ಸೋವಿಯತ್ತರನ್ನು ಯಾರೂ ಕೆಳಗಿಳಿಸಲಿಲ್ಲ. 1972ರಲ್ಲಿ ಪ್ರಾಗ್‌ನಲ್ಲಿ 3-2ರಿಂದ ಸೋಲಿಸಿ ಆ ಸರಪಳಿ ಕಡಿದವರು ಇವರು. 1976ರಲ್ಲಿ ಕಾತೊವಿತ್ಸೆ, 1977ರಲ್ಲಿ ವಿಯೆನ್ನಾ, ಬೆನ್ನುಬೆನ್ನಿಗೆ ಎರಡು ಪ್ರಶಸ್ತಿ. ಬಲೆಯ ಮುಂದೆ ಯಿರ್ಝಿ ಹೊಲೆಚೆಕ್, ಐದು ಬಾರಿ ವಿಶ್ವ ಚಾಂಪಿಯನ್‌ಷಿಪ್‌ನ ಶ್ರೇಷ್ಠ ಗೋಲ್‌ಕೀಪರ್. ದಾಳಿಗೆ ಹ್ಲಿಂಕಾ, ಮಾರ್ತಿನೆತ್ಸ್, ನೊವಿ.

ನಮ್ಮ ಐಸ್ ಪ್ಲಾಂಟಿನವರು ಒಬ್ಬರ ಹೆಸರನ್ನು ಹೇಗೆ ಮರೆತರು ಎಂಬುದೇ ನನಗೆ ಆಶ್ಚರ್ಯ! ವ್ಲಾದಿಮಿರ್ ಜುರಿಲ್ಲಾ, ಬ್ರಾತಿಸ್ಲಾವಾದ ಭಾರಿ ಮೈಕಟ್ಟಿನ ಗೋಲ್‌ಕೀಪರ್. ಕಸುಬಿನಲ್ಲಿ ಫ್ರಿಜ್ ಮೆಕ್ಯಾನಿಕ್. 1976ರ ಕೆನಡಾ ಕಪ್‌ನಲ್ಲಿ ಕೆನಡಾ ತನ್ನ ವೃತ್ತಿಪರ ಘಟಾನುಘಟಿಗಳನ್ನೆಲ್ಲ ಇಳಿಸಿತ್ತು. ಲೀಗ್ ಪಂದ್ಯದಲ್ಲಿ ಆ ತಂಡಕ್ಕೆ ಒಂದೇ ಒಂದು ಗೋಲು ಬಿಡದೆ 1-0ರಿಂದ ಗೆಲ್ಲಿಸಿದವರು ಈ ಫ್ರಿಜ್ ಮೆಕ್ಯಾನಿಕ್. ಫೈನಲ್‌ನ ಎರಡನೆಯ ಪಂದ್ಯ 4-4 ಆಗಿ ಹೆಚ್ಚುವರಿ ಅವಧಿಗೆ ಹೋಯಿತು. ಜುರಿಲ್ಲಾಗೆ ಒಂದು ಅಭ್ಯಾಸ: ಎದುರಾಳಿ ಹೊಡೆಯುವ ಮುನ್ನ ಬಲೆ ಬಿಟ್ಟು ಮುಂದಕ್ಕೆ ಬಂದು ಕೋನ ಮುಚ್ಚಿಬಿಡುವುದು. ಕೆನಡಾದವರು ಅದನ್ನು ಬೆಂಚಿನಿಂದ ಗಮನಿಸಿದ್ದರು. ಡ್ಯಾರಿಲ್ ಸಿಟ್ಲರ್ ಎಡಗಡೆಯಿಂದ ನುಗ್ಗಿ ಬಂದು ಹೊಡೆಯುವ ಹಾಗೆ ಕೈ ಎತ್ತಿದರು, ಜುರಿಲ್ಲಾ ಎಂದಿನಂತೆ ಮುಂದೆ ಬಂದರು, ಸಿಟ್ಲರ್ ಹೊಡೆಯದೆ ಇನ್ನೆರಡು ಹೆಜ್ಜೆ ಪಕ್ಕಕ್ಕೆ ಜಾರಿ ಖಾಲಿ ಬಲೆಗೆ ಪಕ್ ತಳ್ಳಿದರು. 5-4. ಸೋತರೂ ಜುರಿಲ್ಲಾ ಲೋಕಕ್ಕೆಲ್ಲ ಹೆಸರಾದರು.

ಇನ್ನೊಂದು ಮಾತು. 1950ರ ಅನ್ಯಾಯ ಮಾಡಿದ್ದು ಪ್ರಾಗ್ ಸರ್ಕಾರ. ಸೋವಿಯತ್ ಆಟಗಾರರನ್ನು ಅದಕ್ಕೆ ಹೊಣೆ ಮಾಡುವ ಧಾಟಿ ಬೇಡ. ಅವರೂ ಸೈನ್ಯದ ಸಮವಸ್ತ್ರದಲ್ಲಿ, ಅಪ್ಪಣೆಯ ಕೆಳಗೆ ಆಡಿದವರೇ.

ಮಲ್ಪೆ_ಐಸ್‌ಪ್ಲಾಂಟ್:

ಮೇಷ್ಟ್ರೇ, ಜುರಿಲ್ಲಾ ಅವರನ್ನು ಮರೆಯುವುದೇ? ಅವರನ್ನು 1969ಕ್ಕೆ ಇಟ್ಟುಕೊಂಡಿದ್ದೆ. ಆಟಗಾರರ ಬಗ್ಗೆ ನಿಮ್ಮ ಮಾತು ಒಪ್ಪಿದೆ, 1949ರ ಬಗ್ಗೆ ಒಪ್ಪಲಾರೆ. ವಿಮಾನದಲ್ಲಿ ಆರು ಜನ ಹೋದ ಮೇಲೆ ಗೆದ್ದವರನ್ನು ಎದುರಾಳಿ ಯಾರು ಎಂದು ಕೇಳಿ ಅಳೆಯಬಾರದು.

1968ರ ಆಗಸ್ಟ್‌ನಲ್ಲಿ ಸೋವಿಯತ್ ನೇತೃತ್ವದ ವಾರ್ಸಾ ಒಪ್ಪಂದದ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದವು. 1969ರ ವಿಶ್ವ ಚಾಂಪಿಯನ್‌ಷಿಪ್ ಪ್ರಾಗ್‌ನಲ್ಲಿ ನಡೆಯಬೇಕಿತ್ತು, ಸ್ಟಾಕ್‌ಹೋಮ್‌ಗೆ ಹೋಯಿತು. ಅಲ್ಲಿ ಸೋವಿಯತ್ ತಂಡವನ್ನು ಎರಡು ಬಾರಿ ಎದುರಿಸಬೇಕಿತ್ತು. ಬೇರೆ ಯಾರ ಎದುರು ಸೋತರೂ ಚಿಂತೆಯಿಲ್ಲ, ಈ ಎರಡನ್ನು ಬಿಡಬಾರದು ಎಂದು ಹೊರಟವರು. ಅಂಗಿಯ ಮೇಲಿನ ಲಾಂಛನದಲ್ಲಿ ಸಿಂಹದ ತಲೆಯ ಮೇಲೆ ಒಂದು ಕಮ್ಯುನಿಸ್ಟ್ ನಕ್ಷತ್ರ ಇತ್ತು. ಅದರ ಮೇಲೆ ಟೇಪ್ ಅಂಟಿಸಿಕೊಂಡು ಇಳಿದವರಿದ್ದರು. ಮಾರ್ಚ್ 21ರಂದು 2-0, ಗೋಲು ಹೊಡೆದವರು ಯಾನ್ ಸುಖಿ ಮತ್ತು ಯೋಸೆಫ್ ಚೆರ್ನಿ. ಬಲೆಯಲ್ಲಿ ನಮ್ಮ ಫ್ರಿಜ್ ಮೆಕ್ಯಾನಿಕ್, ಒಂದೂ ಬಿಡಲಿಲ್ಲ. ಪಂದ್ಯ ಮುಗಿದ ಮೇಲೆ ಕೈಕುಲುಕದೆ ಹೊರನಡೆದರು. ಮಾರ್ಚ್ 28ರಂದು 4-3. "ನೀವು ನಮಗೆ ಟ್ಯಾಂಕು, ನಾವು ನಿಮಗೆ ಗೋಲು" ಎಂಬ ಘೋಷಣೆ ಜನರ ಬಾಯಲ್ಲಿತ್ತು.

ಆ ರಾತ್ರಿ ದೇಶದ ಊರೂರುಗಳಲ್ಲಿ ಲಕ್ಷಾಂತರ ಜನ ಬೀದಿಗೆ ಬಂದರು. ಪ್ರಾಗ್‌ನ ವೆನ್ಸೆಸ್ಲಾಸ್ ಚೌಕದಲ್ಲಿ ಸೋವಿಯತ್ ವಿಮಾನ ಸಂಸ್ಥೆ ಏರೋಫ್ಲೋಟ್‌ನ ಕಚೇರಿಯನ್ನು ಪುಡಿಪುಡಿ ಮಾಡಿದರು. ಮಾಸ್ಕೋಗೆ ಅಷ್ಟು ನೆವ ಸಾಕಾಯಿತು. ಏಪ್ರಿಲ್ ಮಧ್ಯದಲ್ಲಿ, ಸುಧಾರಣೆಗೆ ಹೊರಟಿದ್ದ ದುಬ್ಚೆಕ್ ಅವರನ್ನು ಪಕ್ಷದ ನಾಯಕತ್ವದಿಂದ ಇಳಿಸಿ ಹುಸಾಕ್ ಅವರನ್ನು ಕೂರಿಸಿದರು. ಎರಡು ಪಂದ್ಯ ಗೆದ್ದವರಿಗೆ ಆ ಟೂರ್ನಿಯಲ್ಲಿ ಸಿಕ್ಕಿದ್ದು ಕಂಚು. ಮೂರು ತಂಡಗಳ ಅಂಕ ಸಮವಾಗಿ, ಚಿನ್ನ ಎಂದಿನಂತೆ ಸೋವಿಯತ್ ಒಕ್ಕೂಟಕ್ಕೆ ಹೋಯಿತು.

ಅಮೆರಿಕದಲ್ಲಿ ಆಡಿದ ಚೆಕ್ ಆಟಗಾರ ಯಾರೊಮಿರ್ ಯಾಗ್ರ್ ಬೆನ್ನ ಮೇಲೆ 68 ಎಂಬ ಸಂಖ್ಯೆ ಹಾಕಿಕೊಂಡೇ ಆಡಿದ್ದು ಟ್ಯಾಂಕು ನುಗ್ಗಿದ ಆ 1968ರ ನೆನಪಿಗೆ. ಅವರು ಹುಟ್ಟಿದ್ದು 1972ರಲ್ಲಿ.

ಕೊಡಿಯಾಲಬೈಲು_ಕ್ವಿಜ್:

ಇಬ್ಬರಿಗೂ ನಮಸ್ಕಾರ. ಒಂದು ಸುತ್ತಿಗೆ ಕೇಳಿದ್ದೆ, ಇಡೀ ಕ್ವಿಜ್‌ಗೆ ಸಾಕಾಗುವಷ್ಟು ಸಿಕ್ಕಿತು. ನನ್ನ ಎರಡನೆಯ ಪ್ರಶ್ನೆ ಹಾಗೇ ಉಳಿಯಿತು: ಆರು ಪ್ರಶಸ್ತಿಗಳು ಯಾರಿಗೆ? ಮತ್ತೆ, ಬಿಟ್ಟುಹೋದವರು ದ್ರೊಬ್ನಿ ಒಬ್ಬರೇ ಏನು?

ಮಲ್ಪೆ_ಐಸ್‌ಪ್ಲಾಂಟ್:

ಬಿಟ್ಟುಹೋದವರ ಪಟ್ಟಿ ಮಾಡಿದರೆ ಅದೇ ಒಂದು ರಾಷ್ಟ್ರೀಯ ತಂಡ ಆಗುತ್ತದೆ. 1974ರಲ್ಲಿ ವಾತ್ಸ್ಲಾವ್ ನೆದೊಮಾನ್ಸ್ಕಿ ಕೆನಡಾಕ್ಕೆ ಹೋದರು. ಆ ದೇಶದ ಅಗ್ರ ಗೋಲುಗಾರ, ತುಂಬಿದ ಪ್ರಾಯದಲ್ಲಿ. 1980ರಲ್ಲಿ ಪೀಟರ್ ಮತ್ತು ಆಂಟನ್ ಸ್ಟಾಸ್ಟ್ನಿ ಸಹೋದರರು ತಮ್ಮ ಬ್ರಾತಿಸ್ಲಾವಾ ಕ್ಲಬ್‌ನ ಜೊತೆ ಇನ್ಸ್‌ಬ್ರುಕ್‌ಗೆ ಹೋದವರು ಅಲ್ಲಿಂದಲೇ ಕೆನಡಾದ ಕ್ವಿಬೆಕ್‌ಗೆ ಜಾರಿದರು. ಊರಲ್ಲೇ ಉಳಿದ ಅಣ್ಣ ಮರಿಯಾನ್ ಮರುವರ್ಷ ಅವರನ್ನು ಸೇರಿಕೊಂಡರು. ಪೀಟರ್ ಮೊದಲ ಋತುವಿನಲ್ಲೇ 109 ಅಂಕ ಗಳಿಸಿ ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ಶ್ರೇಷ್ಠ ಹೊಸಬ ಎಂಬ ಪ್ರಶಸ್ತಿ ಪಡೆದರು. ಈ ಮನುಷ್ಯ ಚೆಕೊಸ್ಲೊವಾಕಿಯಾ ಪರ ವಿಶ್ವ ಚಾಂಪಿಯನ್, 1984ರ ಕೆನಡಾ ಕಪ್‌ನಲ್ಲಿ ಕೆನಡಾದ ಆಟಗಾರ, 1994ರ ಒಲಿಂಪಿಕ್ಸ್‌ನಲ್ಲಿ ಸ್ಲೊವಾಕಿಯಾದ ಧ್ವಜ ಹಿಡಿದವರು. ನಿಮ್ಮ ಕ್ವಿಜ್‌ಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೇ?

ಇನ್ನು ಪ್ರಶಸ್ತಿಗಳ ಮಾತು. ದೇಶ ಒಡೆದದ್ದು 1993ರ ಜನವರಿ 1ರಂದು. ಆ ದಿನ ಸ್ವೀಡನ್‌ನ ಯೆವ್ಲೆಯಲ್ಲಿ ಇಪ್ಪತ್ತರೊಳಗಿನವರ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿತ್ತು. ಡಿಸೆಂಬರ್ ಕೊನೆಯಲ್ಲಿ ಒಂದು ದೇಶದ ಪರವಾಗಿ ಆಟ ಶುರು ಮಾಡಿದ ಹುಡುಗರು ಟೂರ್ನಿಯ ಮಧ್ಯದಲ್ಲಿ ಎರಡು ದೇಶದವರಾದರು. ಆದರೂ ಒಂದೇ ತಂಡವಾಗಿ ಆಡಿ ಮುಗಿಸಿ ಕಂಚು ತಂದರು. ಹಿರಿಯರ ತಂಡವೂ ಅದಕ್ಕೆ ಮೊದಲು, 1992ರಲ್ಲಿ, ಆಲ್ಬರ್ಟ್‌ವಿಲ್ ಒಲಿಂಪಿಕ್ಸ್‌ನಲ್ಲಿ ಕಂಚು, ಪ್ರಾಗ್ ಮತ್ತು ಬ್ರಾತಿಸ್ಲಾವಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದು ಅಂಗಡಿ ಮುಚ್ಚಿತ್ತು.

ನಾವು ಉಡುಪಿಯವರು ಇದನ್ನು ಬೇಗ ಅರ್ಥ ಮಾಡಿಕೊಳ್ಳಬಹುದು. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾದಾಗ ದಕ್ಷಿಣ ಕನ್ನಡ ಎಂಬ ಹೆಸರು, ಹಳೆಯ ಕಡತ, ಹಳೆಯ ಕಚೇರಿ ಎಲ್ಲ ಮಂಗಳೂರಿನಲ್ಲೇ ಉಳಿಯಿತು. ನಮ್ಮ ಅಜ್ಜಂದಿರೂ ಆ ಜಿಲ್ಲೆ ಕಟ್ಟಿದವರೇ, ಅದಕ್ಕೇ ಇಂದಿಗೂ "ಅವಿಭಜಿತ ಜಿಲ್ಲೆ" ಎಂದು ಹೇಳುತ್ತೇವೆ. ಅಲ್ಲಿಯೂ ಹಾಗೆಯೇ. ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ ಚೆಕ್ ಗಣರಾಜ್ಯವನ್ನು ಉತ್ತರಾಧಿಕಾರಿ ಎಂದು ಒಪ್ಪಿ ನೇರವಾಗಿ ಅಗ್ರ ದರ್ಜೆಯಲ್ಲಿ ಕೂರಿಸಿತು. ಸ್ಲೊವಾಕಿಯಾಕ್ಕೆ, ಹೊಸ ದೇಶ ತಾನೇ, ಮೂರನೆಯ ದರ್ಜೆಯಿಂದ ಬಾ ಎಂದಿತು. ಜುರಿಲ್ಲಾ, ತ್ರೊಯಾಕ್, ಸ್ಟಾಸ್ಟ್ನಿಗಳ ನಾಡಿಗೆ ಕೊಟ್ಟ ಮರ್ಯಾದೆ ಇದು! 1994ರಲ್ಲಿ ಸಿ ದರ್ಜೆ ಗೆದ್ದರು, 1995ರಲ್ಲಿ ಬಿ ದರ್ಜೆ ಗೆದ್ದರು, 1996ರಲ್ಲಿ ಅಗ್ರ ದರ್ಜೆಗೆ ಬಂದು ನಿಂತರು. 2002ರಲ್ಲಿ ರಷ್ಯಾವನ್ನು 4-3ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದರು. ಚೆಕ್ಕರು ಅದಕ್ಕೆ ಮೊದಲೇ, 1998ರಲ್ಲಿ, ನಗಾನೊ ಒಲಿಂಪಿಕ್ಸ್ ಚಿನ್ನ ಗೆದ್ದಿದ್ದರು. ಅವಿಭಜಿತ ದೇಶ ನಾಲ್ಕು ಬೆಳ್ಳಿ, ನಾಲ್ಕು ಕಂಚು ತಂದರೂ ಒಲಿಂಪಿಕ್ ಚಿನ್ನ ಮಾತ್ರ ಒಮ್ಮೆಯೂ ಸಿಕ್ಕಿರಲಿಲ್ಲ. ನಗಾನೊದ ಕೋಚ್ ಯಾರು ಗೊತ್ತೇ? ಮೇಷ್ಟ್ರು ಹೆಸರಿಸಿದ ಅದೇ ಇವಾನ್ ಹ್ಲಿಂಕಾ.

ವೇದಿಕೆಯಲ್ಲಿ ಉತ್ತರ ಹೀಗೆ ಕೊಡಿ: ಆರು ಪ್ರಶಸ್ತಿ ಚೆಕೊಸ್ಲೊವಾಕಿಯಾದ್ದು, ಇಬ್ಬರದ್ದೂ ಅಲ್ಲ. ವರ್ಷಗಳು 1947, 1949, 1972, 1976, 1977, 1985. ಸ್ಥಾನಮಾನ ಮಾತ್ರ ಚೆಕ್ಕರಿಗೆ ಹೋಯಿತು.

ಮಣಿಪಾಲ_ಹಾಸ್ಟೆಲ್_14:

ಕಂಪ್ರೆಸರ್ ಪಾಠಕ್ಕೆ ವಂದನೆ ಅಣ್ಣ. ಒಂದು ಸಂಶಯ, ಪಬ್ಬಿನಲ್ಲಿ ಸಿಕ್ಕವರೆಲ್ಲ ಜೈಲಿಗೆ ಹೋದರೆ ನಾಯಕ ಏನಾದರು?

ಮಲ್ಪೆ_ಐಸ್‌ಪ್ಲಾಂಟ್:

ಒಳ್ಳೆಯ ಪ್ರಶ್ನೆ ತಮ್ಮಾ. ಆ ಕಾಲದ ದೊಡ್ಡ ತಾರೆ, ನಾಯಕ ವ್ಲಾದಿಮಿರ್ ಜಾಬ್ರೊದ್ಸ್ಕಿ ಜೈಲಿಗೆ ಹೋಗಲಿಲ್ಲ. ಮುಂದೆಯೂ ಆಡಿದರು, ಟೆನಿಸ್‌ನಲ್ಲಿ ಡೇವಿಸ್ ಕಪ್ ಕೂಡ ಆಡಿದರು. 1965ರಲ್ಲಿ ಸ್ವೀಡನ್‌ಗೆ ಹೋಗಿ ನೆಲೆಸಿದರು. ಜೈಲು ಕಂಡ ಗೆಳೆಯರಲ್ಲಿ ಕೆಲವರು ಅವರ ಬಗ್ಗೆ ಕಡೆಯವರೆಗೂ ಸಂಶಯ ಇಟ್ಟುಕೊಂಡಿದ್ದರು. ಅದನ್ನು ಕ್ವಿಜ್‌ನಲ್ಲಿ ಕೇಳಬೇಡಿ, ಒಂದು ಸಾಲಿನ ಉತ್ತರಕ್ಕೆ ಒಗ್ಗುವ ವಿಷಯ ಅದಲ್ಲ.

ಕೊಡಿಯಾಲಬೈಲಿನವರೇ, ದ್ರೊಬ್ನಿಯ ಪ್ರಶ್ನೆಯನ್ನು ಕೊನೆಯ ಸುತ್ತಿಗೆ ಇಡಿ: "ಐಸ್ ಹಾಕಿಯಲ್ಲಿ ವಿಶ್ವ ಚಾಂಪಿಯನ್, ಈಜಿಪ್ಟಿನ ಪಾಸ್‌ಪೋರ್ಟಿನಲ್ಲಿ ವಿಂಬಲ್ಡನ್ ಚಾಂಪಿಯನ್, ಯಾರು?" ಎಂದು. ಯಾವ ತಂಡವಾದರೂ ಸರಿ ಉತ್ತರ ಕೊಟ್ಟರೆ ಇಲ್ಲಿ ಬಂದು ತಿಳಿಸಿ. ಮಲ್ಪೆಗೆ ಬಂದರೆ ಅವರಿಗೆ ಪ್ಲಾಂಟ್ ಒಳಗೆ ಸುತ್ತಾಡಿಸಿ ತೋರಿಸುತ್ತೇನೆ, ಚಪ್ಪಲಿ ಬೇಡ, ಬೂಟು ಹಾಕಿಕೊಂಡು ಬರಲಿ.